ಬರಂಗಾಯಿ

ಮೊನ್ನೆ ನಮ್ಮ ಅಡುಗೆಮನೆಗೆ ಹೊಸ ಟೇಬಲ್ ಬಂತು. ಹಳೆಯದನ್ನು ಹೊರಗೆ ಹಾಕುವ ಮೊದಲು ಮಗಳು ಅದರ ಮೇಲಿನ ಪ್ಲಾಸ್ಟಿಕ್ ಹಾಳೆ ಎಳೆದಳು. ಒಂದಲ್ಲ, ನಾಲ್ಕು ಹಾಳೆ ಬಂದವು. ನಾನು ಹಳೆಯದನ್ನು ತೆಗೆಯದೆ ಅದರ ಮೇಲೆಯೇ ಹೊಸದು ಹಾಸುವವಳು. ಎರಡು ಮನೆ ಬದಲಾಯಿಸಿದರೂ ಟೇಬಲ್ ಹಾಳೆಗಳ ಸಮೇತ ಬಂದಿತ್ತು. ಎಲ್ಲಕ್ಕಿಂತ ಕೆಳಗಿನ ಹಾಳೆ ಪರಪರ ಎಂದು ಬಿಚ್ಚಿದಾಗ ಅರಿಶಿನ, ಕಮಟು ಎಣ್ಣೆ, ಅವುಗಳ ಒಳಗೆಲ್ಲೋ ಹುಳಿ ವಿನೆಗರ್ ವಾಸನೆ... ಮೊದಲು ಮೂಗಿಗೆ ಗೊತ್ತಾಯಿತು, ಆಮೇಲೆ ತಲೆಗೆ.

ಹಾಳೆಯ ತುಂಬ ನೀಲಿ ಬಾಲ್‌ಪೆನ್ನಿನ ಗೆರೆಗಳಿದ್ದವು.

“ಅವ್ವಾ, ಇದೇನು? ನಿನ್ನ ಮೊಮ್ಮಗಳು ಸಣ್ಣಾಕಿ ಇದ್ದಾಗ ಗೀಚಿದ್ದೇನು?” ಅಂದಳು ಮಗಳು.

“ಮೊಮ್ಮಗಳಲ್ಲ. ನನ್ನ ಸೊಸಿ ಗೀಚಿದ್ದು.”

ಮಗಳು ನನ್ನ ಮುಖ ನೋಡಿದಳು. ನನಗೆ ಗಂಡುಮಕ್ಕಳಿಲ್ಲ. ಮುದುಕಿಗೆ ತಲೆ ತಪ್ಪಿತು ಅಂದುಕೊಂಡಿರಬೇಕು. ಆಮೇಲೆ ಅವಳಿಗೂ ನೆನಪಾಯಿತು. ಹಾಳೆಯನ್ನು ಕಸದ ಚೀಲಕ್ಕೆ ಹಾಕಿದಳು. ನಾನು ಹೊರಗೆ ತೆಗೆದೆ.

ಆ ಹಾಳೆ ಹಾಸಿದ್ದು ನಾವು ಅಮೆರಿಕದ ನೆವಾರ್ಕಿನ ಅಪಾರ್ಟ್‌ಮೆಂಟಿನಲ್ಲಿದ್ದಾಗ. ಆಗ ಎಲ್ಲರ ಬಾಯಲ್ಲೂ ಡಾಟ್ ಕಾಮು. ನಾಯಿಯ ಊಟಕ್ಕೊಂದು ಡಾಟ್ ಕಾಮು, ಚಪ್ಪಲಿಗೊಂದು ಡಾಟ್ ಕಾಮು. ನನ್ನ ಅಳಿಯ ಇಂಜಿನಿಯರ್ ಅಲ್ಲ, ವ್ಯಾನ್ ಓಡಿಸುವವನು. ಕಂಪ್ಯೂಟರಿನಲ್ಲಿ ಒತ್ತಿದರೆ ಮನೆ ಬಾಗಿಲಿಗೆ ತರಕಾರಿ ತಂದುಕೊಡುವ ಒಂದು ಕಂಪನಿಗೆ ಸೇರಿದ್ದ. ಅಲ್ಲಿ ಡ್ರೈವರ್ ಅನ್ನುವ ಹಾಗಿಲ್ಲ, ‘ಕ್ಯಾಪ್ಟನ್’ ಅನ್ನಬೇಕು. ಬದನೆಕಾಯಿ ಹೊರುವವನಿಗೆ ಕ್ಯಾಪ್ಟನ್ ಅಂದರೆ ಬದನೆಕಾಯಿ ಹಗುರವಾಗುತ್ತದೆಯೇ? ಆದರೂ ಅಳಿಯ ಆ ಹೆಸರು ಬರೆದ ಬಿಲ್ಲೆ ಎದೆಗೆ ಸಿಕ್ಕಿಸಿಕೊಂಡು ಸ್ಯಾನ್ ಮಟಿಯೋ ಸೇತುವೆ ದಾಟಿ ಹೋಗುತ್ತಿದ್ದ. ಅವರ ಆಫೀಸಿನವರಿಗೆ ಹೊತ್ತುಗೊತ್ತು ಇರಲಿಲ್ಲ. ಎಲ್ಲಿ ಯಾವ ಚೀಲ ತಪ್ಪಿ ಹೋದರೂ ನಮ್ಮ ಮನೆಗೆ ಫೋನು. ಮಗಳು ಆಸ್ಪತ್ರೆಯ ಲ್ಯಾಬಿಗೆ ಹೋದರೆ ಮನೆಯಲ್ಲಿರುವವಳು ನಾನೊಬ್ಬಳೇ. ಮೊಮ್ಮಗಳು ಮಧ್ಯಾಹ್ನದವರೆಗೆ ಡೇಕೇರಿನಲ್ಲಿ, ಆಮೇಲೆ ನನ್ನ ಕೊರಳಿಗೆ. ನಾನು ನಾಲ್ಕನೇ ಇಯತ್ತೆ ಕಲಿತವಳು. “ನೋ ಹೋಮ್. ಕಾಲ್ ಕಂಪನಿ” ಅನ್ನುವುದನ್ನು ಅಳಿಯನೇ ಬಾಯಿಪಾಠ ಮಾಡಿಸಿದ್ದ. ದಿನಕ್ಕೆ ಎರಡು ಮೂರು ಸಲ ಅದನ್ನೇ ಒದರಿ ಫೋನು ಇಡುವುದು ನನ್ನ ಕೆಲಸ.

ಆ ‘ಸೊಸಿ’ ನಮ್ಮ ಕೆಳಗಿನ ಮನೆಯಲ್ಲಿದ್ದಳು. ಫಿಲಿಪ್ಪೀನ್ಸ್ ದೇಶದವಳು, ಜೊತೆಗೆ ಅದೇ ದೇಶದ ಮೂವರು ಹೆಂಗಸರು. ನಾಲ್ವರೂ ಬೇರೆಯವರ ಮನೆಯ ಮುದುಕರನ್ನು ನೋಡಿಕೊಳ್ಳುವವರು. ಒಬ್ಬಳು ಮನೆಗೆ ಬಂದಾಗ ಇನ್ನೊಬ್ಬಳು ಹೊರಡುವಳು. ಒಂದು ದಿನ ಕೆಳಗಿನಿಂದ ಒಣಮೀನು ಕರಿಯುವ ವಾಸನೆ ಬಂತು. ನಾವು ಬೆಳ್ಳುಳ್ಳಿಯನ್ನೂ ಸೋಮವಾರ ಮುಟ್ಟದವರು. ಸೆರಗು ಮೂಗಿಗೆ ಒತ್ತಿಕೊಂಡು ಬೈಯಲೆಂದೇ ಕೆಳಗಿಳಿದೆ. ಬಾಗಿಲು ತೆರೆದದ್ದು ನಲವತ್ತೈದರ ಆಸುಪಾಸಿನ ಗಿಡ್ಡ ಹೆಂಗಸು. ನನ್ನನ್ನು ನೋಡಿದವಳೇ ಕೈಯಲ್ಲಿದ್ದ ಸೌಟು ಹಿಂದೆ ಬಚ್ಚಿಟ್ಟುಕೊಂಡು, “ಆತೆ!” ಅಂದಳು.

ಅತ್ತೆ! ಬೈಯಲು ಬಂದವಳು ಮೂಗಿನ ಸೆರಗು ಕೆಳಗಿಳಿಸಿದೆ. ಆಮೇಲೆ ತಿಳಿಯಿತು, ಅವರಲ್ಲಿ ‘ಆತೆ’ ಅಂದರೆ ಅಕ್ಕ. ವಯಸ್ಸಿನಲ್ಲಿ ಹಿರಿಯಳಾದ ಯಾರನ್ನಾದರೂ ಹಾಗೆ ಕರೆಯುತ್ತಾರೆ. ನಾನು ಮಾತ್ರ ಅಕ್ಕ ಆಗಲು ಒಪ್ಪಲಿಲ್ಲ. ಅಕ್ಕ ಆದರೆ ಸರಿಸಮ. ಅತ್ತೆ ಆದರೆ ಬೈಯುವ ಹಕ್ಕು ಇರುತ್ತದೆ ಅಂತ ಆಕೆಗೂ ಹೇಳಿದೆ. ಅಂದಿನಿಂದ ಆಕೆ ನನ್ನ ಸೊಸೆ. ‘ಸೊಸಿ’ ಅಂತ ಕೂಗಿದರೆ ಕೆಳಗಿನ ಕಿಟಕಿಯಿಂದ ‘ಆತೆ’ ಅಂತ ಓಗೊಡುತ್ತಿದ್ದಳು. ಮೀನು ಕರಿಯುವುದನ್ನು ಬಿಡಲಿಲ್ಲ. ಕರಿಯುವ ಮೊದಲು ಮೇಲೆ ಬಂದು, ಕಿಟಕಿ ಹಾಕಿಕೊಳ್ಳಿ ಅಂತ ಹೇಳಿ ಹೋಗುತ್ತಿದ್ದಳು. ಬರುವಾಗ ಬರಿಗೈಯಲ್ಲಿ ಬರುತ್ತಿರಲಿಲ್ಲ. ಹಸಿ ಪಪ್ಪಾಯಿಯನ್ನು ಎಳೆ ಎಳೆಯಾಗಿ ತುರಿದು ವಿನೆಗರಿನಲ್ಲಿ ಹಾಕಿಟ್ಟ ಉಪ್ಪಿನಕಾಯಿ ತರುತ್ತಿದ್ದಳು. ನಮ್ಮ ಜೋಳದ ರೊಟ್ಟಿಗೆ ಅದು ಹೊಂದುವುದಿಲ್ಲ ಅಂತ ಪ್ರತಿ ಸಲ ಹೇಳುತ್ತಿದ್ದೆ. ಪ್ರತಿ ಸಲ ಖಾಲಿ ಮಾಡುತ್ತಿದ್ದೆ.

ನಾವಿಬ್ಬರೂ ಮಾತಾಡಿದ್ದು ಮುರುಕು ಇಂಗ್ಲಿಷಿನಲ್ಲಿ. ಆಕೆಯದು ನನ್ನದಕ್ಕಿಂತ ವಾಸಿ. ಆದರೆ ನನ್ನ ನೆನಪಿನಲ್ಲಿ ಆಕೆ ನಮ್ಮ ಕಡೆಯ ಕನ್ನಡದಲ್ಲೇ ಮಾತಾಡುತ್ತಾಳೆ. ಹಾಗೇ ಬರೆಯುತ್ತೇನೆ.

ಒಂದು ಮಧ್ಯಾಹ್ನ, “ನಿಂದು ಯಾವ ಊರು?” ಅಂತ ಕೇಳಿದೆ. ಟೇಬಲ್ಲಿನ ಹಾಳೆ ಆಗ ಹೊಸದು. ಆಕೆ ಕಿಸೆಯಿಂದ ಪೆನ್ನು ತೆಗೆದು ಅದರ ಮೇಲೇ ಗೆರೆ ಎಳೆಯತೊಡಗಿದಳು. ಹೊಸ ಹಾಳೆ ಅಂತ ನಾನು ಕೂಗಿಕೊಂಡರೂ ನಿಲ್ಲಿಸಲಿಲ್ಲ.

“ನಮ್ಮದು ಒಂದ್ ತುಂಡು ದೇಶ ಅಲ್ಲ, ಆತೆ. ಅಕ್ಕಿ ಚೆಲ್ಲಿದಂಗ ಐತಿ,” ಅಂದಳು. ಏಳು ಸಾವಿರಕ್ಕೂ ಹೆಚ್ಚು ದ್ವೀಪವಂತೆ. ಮೇಲೆ ಲುಜಾನ್ ಅಂತ ದೊಡ್ಡದು, ಮನಿಲಾ ಇರುವುದು ಅಲ್ಲಿ. ಕೆಳಗೆ ಮಿಂಡನಾವೊ, ಅದೂ ದೊಡ್ಡದು. ನಡುವೆ ಚೂರು ಚೂರಾಗಿ ವಿಸಾಯಾಸ್. ಆ ಚೂರುಗಳಲ್ಲಿ ಪೂರ್ವಕ್ಕೆ ಸಮಾರ್ ಅಂತ ಒಂದು. ಅದರಾಚೆ ಬರೀ ಸಮುದ್ರ. ಬಿರುಗಾಳಿ ಎದ್ದರೆ ಮೊದಲು ಹೊಡೆಯುವುದು ಅವರಿಗೇ. ಅದು ಆಕೆಯ ನಾಡು. ಅಲ್ಲಿಯ ಭಾಷೆಯ ಹೆಸರು ವಾರಾಯ್. ವಾರಾಯ್ ಅಂದರೇನು ಅಂದೆ. ‘ಇಲ್ಲ’ ಅಂತ ಅರ್ಥ ಅಂದಳು.

“ಇಲ್ಲ ಅನ್ನೂದು ಭಾಷಿಗೆ ಹೆಸರಾ? ಸರಕಾರಿ ಕಚೇರಿಯವರು ಇಟ್ಟಿರಬೇಕು!”

ಆಕೆ ನಕ್ಕ ನಗೆಗೆ ಮಲಗಿದ್ದ ಮೊಮ್ಮಗಳು ಎದ್ದಳು.

ಕಚೇರಿಯ ಮಾತು ನನಗೆ ಹೊಸದಲ್ಲ. ನನ್ನ ಗಂಡ ತಹಶೀಲ್ದಾರ ಕಚೇರಿಯಲ್ಲಿ ಜವಾನ ಆಗಿದ್ದ. ಕಾಗದ ಯಾವ ಟೇಬಲಿನಿಂದ ಯಾವ ಟೇಬಲಿಗೆ ಹೋಗುತ್ತದೆ, ಎಲ್ಲಿ ಹೋಗಿ ಸಾಯುತ್ತದೆ ಅನ್ನುವುದು ಪುಸ್ತಕ ಓದಿದವರಿಗಿಂತ ನನಗೆ ಚೆನ್ನಾಗಿ ಗೊತ್ತು. ಹಾಗಾಗಿ ನಿಮ್ಮಲ್ಲಿ ಕಾಗದ ಹೇಗೆ ಮೇಲೇರುತ್ತದೆ ಅಂತ ಕೇಳಿದೆ. ಎಲ್ಲರ ಮೇಲೆ ಪ್ರೆಸಿಡೆಂಟು. ಆರು ವರ್ಷ ಆಳಿದರೆ ಮುಗಿಯಿತು, ಮತ್ತೆ ನಿಲ್ಲುವ ಹಾಗಿಲ್ಲ. ಕೆಳಗೆ ಪ್ರಾಂತ, ಅದಕ್ಕೊಬ್ಬ ಗವರ್ನರ್. ನಮ್ಮ ರಾಜ್ಯಪಾಲರ ಹಾಗಲ್ಲ, ಜನ ಓಟು ಹಾಕಿ ಆರಿಸಿದವನು. ಪಟ್ಟಣಕ್ಕೆ ಮೇಯರ್. ಎಲ್ಲಕ್ಕೂ ಕೆಳಗೆ ಹಳ್ಳಿ, ಅದಕ್ಕೆ ‘ಬಾರಿಯೋ’ ಅಂತ ಹೆಸರು ಅಂದಳು. ಪ್ರಾಂತಗಳನ್ನೆಲ್ಲ ಗುಂಪು ಮಾಡಿ ರೀಜನ್ ಅಂತ ನಂಬರ್ ಹಚ್ಚಿದ್ದಾರೆ, ನಮ್ಮದು ಎಂಟನೆಯದು ಅಂದಳು. ಅದನ್ನು ಆಳುವವರು ಯಾರು ಅಂದರೆ, ಯಾರೂ ಇಲ್ಲ, ಬರೀ ಕಚೇರಿಗಳು. ನಮ್ಮ ಬೆಳಗಾವಿ ವಿಭಾಗ ಇದ್ದ ಹಾಗೆ. ಓಟು ಇಲ್ಲ, ಸಹಿ ಮಾತ್ರ ಇದೆ.

ಕೊನೆಗೆ ತನ್ನ ಹಳ್ಳಿಯನ್ನು ಸಮುದ್ರದ ಜಾಗದಲ್ಲಿ ದೊಡ್ಡದಾಗಿ ಬರೆದಳು. ನಡುವೆ ಒಂದು ಹೊಳೆ. ಹೊಳೆಯ ಈಚೆ ಚರ್ಚು, ಶಾಲೆ. ಆಚೆ ತೆಂಗಿನ ತೋಪು, ಕೆಲವು ಮನೆ. ಚರ್ಚಿನ ಪಕ್ಕ ಒಂದು ಗುಣಾಕಾರದ ಚಿಹ್ನೆ ಹಾಕಿ ಅದನ್ನೇ ಮೂರು ನಾಲ್ಕು ಸಲ ತೀಡಿದಳು.

“ಇದು ನಮ್ಮನಿ. ಚರ್ಚಿನ ಗಂಟಿ ಬಡದ್ರ ನಮ್ಮ ಅಡಗಿಮನಿ ಪಾತ್ರಿ ಅದುರ್ತಿದ್ವು.”

ಇಷ್ಟು ನನಗೆ ಆ ದಿನವೇ ಗೊತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಆಕೆಗೆ ಒಬ್ಬಳೇ ಮಗಳು. ಆರು ವರ್ಷದವಳಿದ್ದಾಗ ಊರಿನಲ್ಲಿ ತಂಗಿಯ ಹತ್ತಿರ ಬಿಟ್ಟು ಬಂದಿದ್ದಳು. ಆ ಹುಡುಗಿ ಈಗ ಇಪ್ಪತ್ತರವಳು. ಇಪ್ಪತ್ತೊಂದು ತುಂಬುವುದರೊಳಗೆ ತಾಯಿಗೆ ಇಲ್ಲಿಯ ಪೌರತ್ವ ಸಿಕ್ಕರೆ ಮಗಳನ್ನು ಬೇಗ ಕರೆಸಿಕೊಳ್ಳಬಹುದು. ತುಂಬಿದರೆ ಸಾಲಿನಲ್ಲಿ ನಿಲ್ಲಬೇಕು, ಮತ್ತು ಅವರ ದೇಶದವರ ಸಾಲು ಬಲು ಉದ್ದ. ಇದನ್ನು ಹೇಳುವಾಗ ಆಕೆ ಬೆರಳು ಮಡಿಸಿ ತಿಂಗಳು ಎಣಿಸುತ್ತಿದ್ದಳು. ನಾನು ಆಕೆಯ ಬೆರಳನ್ನೇ ನೋಡುತ್ತಿದ್ದೆ.

ಪೌರತ್ವದ ಇಂಟರ್ವ್ಯೂ ಆಯಿತು. ಅಮೆರಿಕದ ಪ್ರಶ್ನೆಗಳಿಗೆಲ್ಲ ಸರಿಯಾಗಿ ಉತ್ತರ ಕೊಟ್ಟು ಬಂದಿದ್ದಳು. ತೊಡಕಾದದ್ದು ತನ್ನ ದೇಶದ ಪ್ರಶ್ನೆಯಲ್ಲಿ. ಹುಟ್ಟಿದ ಕಾಗದದಲ್ಲಿ ಪ್ರಾಂತ ‘ಸಮಾರ್’ ಅಂತಿತ್ತು. ಪಾಸ್‌ಪೋರ್ಟಿನಲ್ಲಿ ‘ಪೂರ್ವ ಸಮಾರ್’ ಅಂತಿತ್ತು. ಎರಡು ಕಡೆ ಹುಟ್ಟಿದ್ದು ಹೇಗೆ ಅಂತ ಆಫೀಸರ್ ಕೇಳಿದನಂತೆ. ಆಕೆ ಚಿಕ್ಕವಳಿದ್ದಾಗ ಅವರ ಸರಕಾರ ಸಮಾರನ್ನು ಮೂರು ಪ್ರಾಂತ ಮಾಡಿತ್ತು. ಮನೆ ಅಲ್ಲೇ ಇತ್ತು, ಹೊಳೆ ಅಲ್ಲೇ ಇತ್ತು, ಹೆಸರು ಮಾತ್ರ ಎದ್ದು ಹೋಗಿತ್ತು. ಹಾಗೆ ಹೇಳಿದರೆ ಆಫೀಸರ್ ಕೇಳುತ್ತಾನೆಯೇ? ಹಳೆಯ ಹಳ್ಳಿ, ಈಗಿನ ಹಳ್ಳಿ ಎರಡೂ ಒಂದೇ, ಈಕೆ ಇಲ್ಲಿಯೇ ಹುಟ್ಟಿದವಳು ಅಂತ ಅಲ್ಲಿಂದ ಬರೆಸಿ ತಾ ಅಂದ. ಒಂದು ಗಡುವು ಕೊಟ್ಟ.

ಅದನ್ನು ಕೇಳಿ ನನಗೆ ತಲೆಯಿಂದ ಕಾಲಿನವರೆಗೆ ಸಿಟ್ಟು ಬಂತು. ಯಾಕೆ ಅಂದರೆ ನಾನೂ ಅಂಥವಳೇ. ನಾನು ಹುಟ್ಟಿದಾಗ ನಮ್ಮೂರು ಮುಂಬೈ ಪ್ರಾಂತದಲ್ಲಿತ್ತು. ಮದುವೆಯ ಹೊತ್ತಿಗೆ ಮೈಸೂರು ರಾಜ್ಯ. ಮಗಳು ನಡೆಯುವ ಹೊತ್ತಿಗೆ ಕರ್ನಾಟಕ. ನನ್ನ ಪಾಸ್‌ಪೋರ್ಟು ಮಾಡಿಸಿದಾಗ ಧಾರವಾಡ ಜಿಲ್ಲೆ. ನಾನು ವಿಮಾನ ಹತ್ತಿ ಇಲ್ಲಿಗೆ ಬಂದದ್ದೇ ತಡ, ಗದಗ ಜಿಲ್ಲೆ. ನಾನೂ ನನ್ನ ತಂಗಿಯೂ ಒಂದೇ ಕೋಣೆಯಲ್ಲಿ ಹುಟ್ಟಿದವರು, ಕಾಗದದಲ್ಲಿ ಬೇರೆ ಬೇರೆ ಜಿಲ್ಲೆಯವರು. ನನ್ನನ್ನು ಮಾತ್ರ ಯಾವ ಆಫೀಸರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಅಪ್ಪಾ, ನಾವು ಎಲ್ಲಿಗೂ ಹೋಗಿಲ್ಲ, ಕತ್ತರಿ ಹಿಡಿದವರನ್ನು ಕೇಳು.

ಆಕೆಯ ತಂದೆತಾಯಿ ಇರಲಿಲ್ಲ. ಪಟ್ಟಣದ ಕಚೇರಿಯ ಹಳೆಯ ದಾಖಲೆ ಪುಸ್ತಕ ಬಿರುಗಾಳಿಯ ನೀರಿಗೆ ಹೋಗಿತ್ತು. ತಂಗಿ ಮಗಳನ್ನು ಕರೆದುಕೊಂಡು ಮನಿಲಾ ಸೇರಿದ್ದಳು. ಉಳಿದವನು ಹಳ್ಳಿಯ ಮುಖ್ಯಸ್ಥ. ಅವನು ಹೊಸಬ, ಆಕೆಯ ಮನೆಯವರನ್ನು ಕಂಡವನಲ್ಲ. ಆದರೂ ಅವನ ಸಹಿ ಇಲ್ಲದೆ ಮೇಲಿನ ಸಹಿಗಳು ಬೀಳುವುದಿಲ್ಲ. ಅವನಿಗೆ ಕಾಗದ ಬರೆದಳು. ಹಗಲು ತಾನು ಮನೆಯಲ್ಲಿ ಇರುವುದಿಲ್ಲವಲ್ಲ, ಫೋನಿಗೆ ನಮ್ಮ ನಂಬರು ಕೊಟ್ಟಳು.

“ಆತೆ, ನಮ್ಮ ಬಾರಿಯೋದಿಂದ ಫೋನ್ ಬರಬಹುದು. ಅಲ್ಲಿ ಮುಂಜಾನಿ ಆದಾಗ ಇಲ್ಲಿ ಸಂಜಿ ನಾಕ ಗಂಟೆ. ಏನ್ ಕೇಳ್ತಾರ, ತಿಳಕೊಂಡು ಹೇಳ್ರಿ.”

“ಬಾರಿಯೋ ಅಂದ್ರ ಹಿಡಿದು ಕುಂದರಸ್ತೀನಿ, ಬಿಡವಾ,” ಅಂದೆ.

ಮಾತು ಕೊಟ್ಟದ್ದು ಸುಳ್ಳಲ್ಲ. ಸಂಜೆ ಅಳಿಯ ಬಂದು ಕಂಪ್ಯೂಟರನ್ನು ಫೋನಿನ ತಂತಿಗೆ ಸಿಕ್ಕಿಸಿದರೆ ಕಿರ್ರ್ ಅಂತ ಒದರಿಕೊಂಡು ಲೈನು ಕಟ್ಟಿಹೋಗುತ್ತಿತ್ತು. ನಾಲ್ಕರಿಂದ ಆರರವರೆಗೆ ತಂತಿ ಮುಟ್ಟಬೇಡ ಅಂತ ಅವನಿಗೆ ತಾಕೀತು ಮಾಡಿದ್ದೆ. ಕಂಪನಿಯ ಷೇರು ನೋಡಬೇಕು ಅತ್ತಿ, ಅಂತ ಅವನು ಗೋಗರೆದರೂ ಬಿಡಲಿಲ್ಲ. ಎರಡು ವಾರ ಫೋನಿನ ಪಕ್ಕ ಕಾದೆ. ಬಾರಿಯೋ ಅನ್ನುವ ಮಾತಿಗೆ ಕಿವಿ ತೆರೆದು ಕೂತೆ.

ಆ ದಿನ ಎಣಗಾಯಿಗೆ ಮುಳಗಾಯಿ, ಅಂದರೆ ಬದನೆಕಾಯಿ, ಸೀಳುತ್ತಿದ್ದೆ. ಕೈಯೆಲ್ಲ ಮಸಾಲೆ. ಮೊಮ್ಮಗಳು ಕಾಲಿಗೆ ಜೋತುಬಿದ್ದಿದ್ದಳು. ಫೋನು ಬಂತು. ಆ ಕಡೆ ಗಂಡಸಿನ ದನಿ, ಗರಗರ ಶಬ್ದ, ನಾನು ಅಂದದ್ದು ನನಗೇ ಎರಡನೇ ಸಲ ಕೇಳುತ್ತಿತ್ತು. ಮೊದಲು ಯಾರದೋ ಹೆಸರು ಹೇಳಿದನೇನೋ, ತಿಳಿಯಲಿಲ್ಲ. ತಿಳಿದದ್ದು ಇಷ್ಟು: “ಬರಂಗಾಯ್ ಕ್ಯಾಪ್ಟನ್... ಬರಂಗಾಯ್ ಕ್ಯಾಪ್ಟನ್...”

ನನ್ನ ಕೈಯಲ್ಲಿ ಮುಳಗಾಯಿ. ಒಲೆಯ ಮೇಲೆ ಎಣಗಾಯಿಯ ಎಣ್ಣೆ. ಅಳಿಯ ತರಕಾರಿ ಕಂಪನಿಯ ಕ್ಯಾಪ್ಟನ್. ಬರಂಗಾಯಿಯೂ ಒಂದು ಕಾಯಿ ಅಂದುಕೊಂಡೆ. ನನ್ನ ಜಾಗದಲ್ಲಿ ನೀವಿದ್ದರೆ ಏನು ಅಂದುಕೊಳ್ಳುತ್ತಿದ್ದಿರಿ?

“ನೋ ಹೋಮ್. ಕಾಲ್ ಕಂಪನಿ,” ಅಂದೆ.

ಅವನು ಬಿಡಲಿಲ್ಲ. “ಇಂದೇ... ಇಂದೇ...” ಅಂದ. ಇಂದೇ ಬೇಕಂತೆ! ಕನ್ನಡದವನು ಯಾರೋ ಇವರ ಆಫೀಸಿಗೆ ಸೇರಿರಬೇಕು ಅನ್ನಿಸಿತು. “ಬರಂಗಾಯ್ ವನ್? ಬರಂಗಾಯ್ ಟೂ?” ಅಂತ ಕೇಳಿದ. ಒಂದು ಕಾಯೋ ಎರಡೋ ಅಂತ ನನ್ನನ್ನು ಯಾಕೆ ಕೇಳುತ್ತಾನೆ? ಫೋನು ಇಟ್ಟೆ.

ಎರಡು ನಿಮಿಷಕ್ಕೆ ಮತ್ತೆ ಬಂತು. ಅಷ್ಟರಲ್ಲಿ ಒಗ್ಗರಣೆ ಸೀದಿತ್ತು. “ಸಿಸ್ಟರ್, ಪ್ಲೀಸ್... ರಿವರ್... ವನ್ ಆರ್ ಟೂ?” ಡೆಲಿವರ್ ಅನ್ನುತ್ತಿದ್ದಾನೆ ಅಂತ ತಿಳಿದೆ. ಸಿಟ್ಟು ನೆತ್ತಿಗೇರಿತು.

“ನೋ ವನ್! ನೋ ಟೂ! ನೋ ವಾಂಟ್!”

ಅವನು ಆಮೇಲೆ “ಥ್ಯಾಂಕ್ಯೂ ಸಿಸ್ಟರ್” ಅಂದ. ಆ ಥ್ಯಾಂಕ್ಯೂ ಈಗಲೂ... ಇರಲಿ.

ಅಳಿಯ ಬಂದಮೇಲೆ ಹೇಳಿದೆ, ನಿಮ್ಮವನು ಯಾವನೋ ಬರಂಗಾಯಿ ಬೇಕಂತ ಜೀವ ತಿಂದ ಅಂತ.

“ನಮ್ಮ ಲಿಸ್ಟಿನಾಗ ಆ ಕಾಯಿ ಇಲ್ಲಲ್ರೀ ಅತ್ತಿ,” ಅಂದ ಅವನು.

“ಬೆಂಗಳೂರು ಕಡೆಯವರು ಪಪ್ಪಾಯಿಗೆ ಪರಂಗಿಕಾಯಿ ಅಂತಾರಲ್ಲ, ಅದ ಇರಬೇಕು,” ಅಂದಳು ಮಗಳು. ಮೂವರೂ ನಕ್ಕೆವು.

ಮರುದಿನ ಬಿಟ್ಟು ಮಾರನೆಯ ದಿನ ಸೊಸೆ ಮೇಲೆ ಬಂದಳು. ಬಾರಿಯೋದಿಂದ ಫೋನು ಬಂತೇ ಅಂತ ಕೇಳಿದಳು. ಬರಲಿಲ್ಲ ಅಂದೆ. ಆಕೆಯ ಮುಖ ಸಣ್ಣದಾಯಿತು. ನಗಿಸೋಣ ಅಂತ ಬರಂಗಾಯಿಯ ಕಥೆ ಹೇಳಿದೆ. ಒಂದಾ ಎರಡಾ ಅಂದ, ಇಂದೇ ಅಂದ, ನೀನು ತಂದುಕೊಡುವ ಪಪ್ಪಾಯಿಯೇ ಇರಬೇಕು ಅಂತ ನನ್ನ ಮಗಳು ಅಂದಳು ಅಂತ ಕೈ ತಿರುವಿ ಹೇಳಿದೆ.

ಆಕೆ ನಗಲಿಲ್ಲ. ಕುರ್ಚಿ ಎಳೆದು ಕೂತಳು.

“ಆತೆ, ಬರಂಗಾಯ್ ಅಂದ್ರ ಬಾರಿಯೋ.”

“ಮತ್ತ ಬಾರಿಯೋ ಅನ್ನಾಕ ಅವನಿಗೇನ್ ಧಾಡಿ ಆಗಿತ್ತು?”

“ಈಗ ಬಾರಿಯೋ ಅನ್ನೂದಿಲ್ಲ. ಸರಕಾರ ಹೆಸರು ಬದಲಿ ಮಾಡೇತಿ. ಬರಂಗಾಯ್ ಮಾಡಿ ಬಾಳ ವರ್ಷ ಆತು. ನಾವು ಹಳೇ ಮಂದಿ ಹಳೇದ ಅಂತೀವಿ.”

ಹಳ್ಳಿಯ ಮುಖ್ಯಸ್ಥನಿಗೆ ಅಲ್ಲಿ ಕ್ಯಾಪ್ಟನ್ ಅನ್ನುತ್ತಾರೆ. ಇಂದೇ ಅಂದರೆ ಅವರ ಕಡೆ ‘ಮಗಳೇ’, ‘ತಂಗಿ’ ಅಂದ ಹಾಗೆ, ಹೆಣ್ಣುಮಗಳನ್ನು ಅಕ್ಕರೆಯಿಂದ ಕರೆಯುವ ಮಾತು. ನಾನು ಆಕೆಯ ದೇಶದ ರೀಜನ್ನು, ಗವರ್ನರು ಎಲ್ಲ ಕೇಳಿ ತಿಳಿದಿದ್ದೆ. ನಿನ್ನ ಅವ್ವ ನಿನ್ನನ್ನು ಏನಂತ ಕರೆಯುತ್ತಿದ್ದಳು ಅಂತ ಕೇಳಿರಲಿಲ್ಲ.

ಹಾಗಾದರೆ ಒಂದು, ಎರಡು? ಅದು ಆಕೆಗೂ ತಿಳಿಯಲಿಲ್ಲ. ಆ ದಿನವೇ ಮುಖ್ಯಸ್ಥನಿಗೆ ತಂತಿ ಕೊಟ್ಟಳು. ಉತ್ತರ ಕಾಗದದಲ್ಲಿ ಬಂತು, ಮೂರು ವಾರದ ಮೇಲೆ. ಹಳ್ಳಿಯನ್ನು ಹೊಳೆಯ ಗುಂಟ ಕತ್ತರಿಸಿ ಎರಡು ಮಾಡಿದ್ದರಂತೆ. ಒಂದು ದಡ ಬರಂಗಾಯ್ ಒಂದು, ಇನ್ನೊಂದು ದಡ ಬರಂಗಾಯ್ ಎರಡು. ಆಕೆಯ ಮನೆ ಯಾವ ದಡದಲ್ಲಿತ್ತು ಅಂತ ತಿಳಿಯದೆ ಅವನು ಬರೆಯುವ ಹಾಗಿರಲಿಲ್ಲ. ಅದೊಂದು ಮಾತು ಕೇಳಲು ಬಸ್ಸು ಹತ್ತಿ ಪ್ರಾಂತದ ದೊಡ್ಡ ಊರಿಗೆ ಬಂದು, ಕಚೇರಿಯ ಎದುರು ನಿಂತು ಫೋನು ಮಾಡಿದ್ದ. ಉತ್ತರ ಸಿಕ್ಕಿದ್ದರೆ ಅದೇ ದಿನ ಬರೆದು, ಸಹಿ ಹಾಕಿಸಿ ಕಳಿಸುತ್ತಿದ್ದ. ‘ನಿಮ್ಮ ಮನೆಯ ಹಿರಿಯರು ಒಂದೂ ಅಲ್ಲ, ಎರಡೂ ಅಲ್ಲ, ಕಾಗದವೇ ಬೇಡ ಅಂದರು. ಹಾಗಾಗಿ ಊರಿಗೆ ಮರಳಿದೆ’ ಅಂತ ಬರೆದಿದ್ದ. ಬೇಸರದ ಮಾತು ಒಂದೂ ಇರಲಿಲ್ಲ.

ಯಾವ ದಡ? ಹೊಳೆಯ ಈಚೆ, ಚರ್ಚಿನ ಪಕ್ಕ. ಅವನು ಕೇಳಿದಾಗ ಅದು ನನಗೆ ಗೊತ್ತಿತ್ತು. ಫೋನು ಟೇಬಲ್ಲಿನ ಮೇಲೇ ಇತ್ತು. ನಾನು ‘ನೋ ವನ್, ನೋ ಟೂ’ ಅಂತ ಕೂಗುವಾಗ ನನ್ನ ಮೊಣಕೈ ಆ ಹೊಳೆಯ ಮೇಲೇ ಇತ್ತು.

ಆಕೆ ಮತ್ತೆ ಬರೆದು ಕಳಿಸಿದಳು. ಅಷ್ಟರಲ್ಲಿ ಅಲ್ಲಿ ಬಿರುಗಾಳಿ ಎದ್ದು ಸೇತುವೆ ಹೋಯಿತು. ಕಾಗದ ಬಂತು, ಗಡುವು ಮುಗಿದ ಮೇಲೆ. ಇಲ್ಲಿ ಅರ್ಜಿ ತಳ್ಳಿಹಾಕಿದರು. ಮತ್ತೆ ಹಾಕಿ ಅಂದರು. ಮತ್ತೆ ಹಾಕಿದ ಅರ್ಜಿ ಯಾವುದೋ ಟೇಬಲಿನ ಮೇಲೆ ಕೂತಿದ್ದಾಗ ಅಲ್ಲಿ ಮಗಳಿಗೆ ಇಪ್ಪತ್ತೊಂದು ತುಂಬಿತು. ಆ ದಿನ ಆಕೆ ನೂಡಲ್ಸು ಮಾಡಿ ಮೇಲೆ ತಂದುಕೊಟ್ಟಳು. ಹುಟ್ಟುಹಬ್ಬಕ್ಕೆ ಅವರಲ್ಲಿ ಅದನ್ನು ಮಾಡುತ್ತಾರೆ, ಎಳೆ ಉದ್ದ ಇದ್ದಷ್ಟು ಆಯುಸ್ಸು ಉದ್ದ ಅಂತ. ನನಗಾಗಿ ಮಾಂಸ ಹಾಕದೆ ಬೇರೆ ಮಾಡಿದ್ದಳು.

“ಬೈಯಿ ನನ್ನ,” ಅಂದೆ. “ಒಮ್ಮೆ ಬಾಯಿ ತುಂಬ ಬೈದು ಬಿಡು.”

“ಅತ್ತೀನ್ನ ಯಾರರ ಬೈತಾರೇನು?” ಅಂದಳು.

ನನ್ನ ಮಾತನ್ನೇ ನನಗೆ ತಿರುಗಿಸಿ ಕೊಟ್ಟಳು. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ. ನಿನ್ನ ಸರಕಾರಕ್ಕೆ ಕೈ ಸುಮ್ಮನಿರುವುದಿಲ್ಲವಾ, ಇದ್ದ ಹೆಸರು ಸಾಲದಾ, ಬದಲಾದ ಹೆಸರು ನನಗೆ ಮೊದಲೇ ಹೇಳಲು ನಿನಗೇನಾಗಿತ್ತು ಅಂತ ಕೇಳುತ್ತಿದ್ದೆ. ಹೊಟ್ಟೆಯಲ್ಲಿದ್ದದ್ದು ಹೊರಬೀಳುತ್ತಿತ್ತು. ಆಕೆ ಅದಕ್ಕೂ ಅವಕಾಶ ಕೊಡಲಿಲ್ಲ. ಜನ ಇದನ್ನು ಒಳ್ಳೆಯತನ ಅನ್ನುತ್ತಾರೆ. ನನಗೆ ಈಗಲೂ ಅದರ ಮೇಲೆ ಸಿಟ್ಟಿದೆ.

ಸ್ವಲ್ಪ ದಿನಕ್ಕೆ ಬಾಡಿಗೆ ಏರಿಸಿದರು. ಕೆಳಗಿನ ನಾಲ್ವರೂ ನಾಲ್ಕು ದಿಕ್ಕಿಗೆ ಹೋದರು. ಆಕೆ ಪ್ಲೆಸೆಂಟನ್‌ನಲ್ಲಿ ಒಬ್ಬ ಮುದುಕಿಯ ಮನೆಯಲ್ಲಿ ಉಳಿದುಕೊಂಡು ನೋಡಿಕೊಳ್ಳುವ ಕೆಲಸ ಹಿಡಿದಳು. ಅಳಿಯನ ತರಕಾರಿ ಕಂಪನಿಯೂ ಒಂದು ಬೆಳಿಗ್ಗೆ ಬಾಗಿಲು ಹಾಕಿತು. ಕ್ಯಾಪ್ಟನ್ ಬಿಲ್ಲೆ ಡ್ರಾಯರಿನಲ್ಲಿ ಬಿತ್ತು. ಆಮೇಲೆ ಮನೆಗೆ ಯಾವ ಫೋನೂ ಬರಲಿಲ್ಲ. ಬೇಕಾದ ಒಂದು ಫೋನಿಗೆ ಕಾಯುವಾಗ ಬೇಡದವು ಅಷ್ಟೊಂದು ಬಂದಿದ್ದವು.

ಎರಡನೇ ಸಲ ಆಕೆಗೆ ಪೌರತ್ವ ಸಿಕ್ಕಿತು. ಮಗಳ ಹೆಸರು ಉದ್ದನೆಯ ಸಾಲಿನಲ್ಲಿ ಸೇರಿತು. ಸಾಲು ಸರಿಯುವ ಮೊದಲೇ ಮಗಳು ಅಲ್ಲೇ ಮದುವೆಯಾದಳು. ಮದುವೆಯಾದವರಿಗೆ ಅದಕ್ಕಿಂತ ಉದ್ದದ ಸಾಲು ಬೇರೆ ಇದೆಯಂತೆ. ಕೊನೆಗೆ ಸೊಂಟ ಬಿದ್ದುಹೋದಾಗ ಆಕೆಯೇ ಅಲ್ಲಿಗೆ ಹೊರಟಳು. ಹೋಗುವ ಮೊದಲು ಬಂದು ಒಂದು ಬಾಟಲಿ ಪಪ್ಪಾಯಿ ಉಪ್ಪಿನಕಾಯಿ ಕೊಟ್ಟಳು. ರೊಟ್ಟಿಗೆ ಹೊಂದುವುದಿಲ್ಲ ಅಂದೆ. ಗೊತ್ತು ಆತೆ, ಅಂದಳು.

ಪ್ರತಿ ವರ್ಷ ಕ್ರಿಸ್‌ಮಸ್ ಕಾರ್ಡು ಬರುತ್ತಿತ್ತು. ಕೆಳಗೆ ಹೆಸರು ಬರೆಯುತ್ತಿರಲಿಲ್ಲ, ‘ಸೊಸಿ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದಳು. ಒಂದು ವರ್ಷ ಬರಲಿಲ್ಲ. ಮುಂದಿನ ವರ್ಷ ಬಂದದ್ದು ಆಕೆಯ ಮಗಳ ಕೈಬರಹದಲ್ಲಿತ್ತು, ಅವ್ವ ಇಲ್ಲ ಅಂತ.

ಮೊನ್ನೆಯಿಂದ ಆ ಹಾಳೆ ನನ್ನ ಹಾಸಿಗೆಯ ಮೇಲಿತ್ತು. ಏಳು ಸಾವಿರ ದ್ವೀಪದಲ್ಲಿ ಆಕೆ ಬರೆದದ್ದು ಇಪ್ಪತ್ತೋ ಮೂವತ್ತೋ, ಅದರಲ್ಲಿ ಅರ್ಧ ಅಳಿಸಿವೆ. ಹೊಳೆ ಉಳಿದಿದೆ. ಮೂರು ನಾಲ್ಕು ಸಲ ತೀಡಿದ್ದಕ್ಕೋ ಏನೋ ಆ ಗುಣಾಕಾರದ ಚಿಹ್ನೆಯೂ ಉಳಿದಿದೆ. ನಿನ್ನೆ ಮೊಮ್ಮಗಳು ಬಂದಿದ್ದಳು. ಅಂದು ಕಾಲಿಗೆ ಜೋತುಬಿದ್ದಿದ್ದವಳು ಈಗ ನನ್ನ ನೆತ್ತಿಗಿಂತ ಎತ್ತರ. ಹಳೆಯ ಕಾರ್ಡಿನಿಂದ ಊರಿನ ಹೆಸರು ನೋಡಿ ತನ್ನ ಫೋನಿನಲ್ಲಿ ಹುಡುಕಿದಳು. ಬೆರಳು ಅಗಲಿಸಿದ ಹಾಗೆಲ್ಲ ಸಮುದ್ರ ಸರಿಯಿತು, ಹೊಳೆ ಬಂತು, ಚರ್ಚು ಬಂತು. ಆ ಪುಟ್ಟ ಹೊಳೆಯ ಎರಡೂ ಕಡೆ ಹೆಸರು ಬರೆದಿತ್ತು.

“ಅಜ್ಜಿ, ಚರ್ಚ್ ಇರೋ ಸೈಡಾ?” ಅಂತ ಕೇಳಿದಳು.

“ಹೂಂ. ಚರ್ಚಿನ ಮಗ್ಗಲ.”

“ದೆನ್ ಇಟ್ಸ್ ಬರಂಗಾಯ್ ವನ್.”

ಒಂದು.

ಫೋನಿನಲ್ಲಿ ಆ ಮನುಷ್ಯ ಕೇಳಿದ್ದು ಇಷ್ಟೇ. ನಾನು ಚರ್ಚಿನ ಕಡೆ ಅಂದಿದ್ದರೆ ಸಾಕಿತ್ತು, ನಂಬರು ಅವನೇ ಬರೆದುಕೊಳ್ಳುತ್ತಿದ್ದ. ಈಗ ನಂಬರೂ ಗೊತ್ತಾಯಿತು. ಯಾರಿಗೆ ಹೇಳುವುದು? ಆಕೆಯ ಭಾಷೆಯಲ್ಲಿ ಇದಕ್ಕೆ ಒಂದೇ ಮಾತು ಇದೆ, ವಾರಾಯ್. ಇಲ್ಲ.

ಮೊಮ್ಮಗಳು ಹಾಳೆಯ ಫೋಟೋ ತೆಗೆದುಕೊಂಡಳು. ಇನ್ನು ಎಸೆಯಬಹುದಲ್ಲ ಅಜ್ಜಿ, ಅಂದಳು. ನಾನು ಅದನ್ನು ಹೊಸ ಟೇಬಲ್ಲಿಗೆ ಹಾಸಿ, ಅದರ ಮೇಲೆ ಹೊಸ ಹಾಳೆ ಎಳೆದೆ.